ಹೊಗೆಯ ಬಣ್ಣ ರೋಗದ ಹೆಸರಲ್ಲ

ಹಳೆಯ ಡೀಸೆಲ್ ಕಾರು ಕೊಳ್ಳಲು ಹೊರಟವರಿಗೆ ಸಿಗುವ ಮೊದಲ ಉಪದೇಶ ಯಾವುದು ಗೊತ್ತೆ? ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಕೆಟ್ಟಿದೆ, ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಗ್ಯಾರೇಜಿನ ಮಾತಿನಲ್ಲಷ್ಟೇ ಅಲ್ಲ, ವಾಹನಗಳ ಬಗೆಗಿನ ಪುಸ್ತಕ, ಲೇಖನಗಳಲ್ಲೂ ಈ ಸೂತ್ರ ಪಟ್ಟಿಯ ರೂಪದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ನೆನಪಿಡಲು ಸುಲಭ, ಹೇಳಲು ಚಂದ. ಆದರೆ ಇದು ಎಷ್ಟರ ಮಟ್ಟಿಗೆ ನಿಜ?

ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದಾಗ ಮಾರುತಿ ಸುಜುಕಿ ಕಂಪನಿ ಡೀಸೆಲ್ ಕಾರುಗಳನ್ನು ಕೈಬಿಟ್ಟಿತು. ಹೀಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಅಡಿಕೆ ಮಾರಿದ ಹಣದಲ್ಲಿ ಚಿಕ್ಕ ಡೀಸೆಲ್ ಕಾರು ಕೊಳ್ಳುವ ಕುಟುಂಬಕ್ಕೆ ಸಿಗುವುದು ಬಹುಪಾಲು ಅದಕ್ಕೂ ಹಿಂದಿನ ಕಾರು. ಅಂಥ ಕಾರಿನಲ್ಲಿ ಹರಿದ ಒಂದು ರಬ್ಬರ್ ಕೊಳವೆಗೆ ಇಂಜೆಕ್ಟರ್ ದೋಷವೆಂಬ ಹೆಸರು ಬಿದ್ದರೆ ಹತ್ತಾರು ಸಾವಿರ ರೂಪಾಯಿ ಖರ್ಚಾಗುತ್ತದೆ, ಹೊಗೆ ಮಾತ್ರ ಹಾಗೆಯೇ ಉಳಿಯುತ್ತದೆ.

ಸೂತ್ರ ಹುಟ್ಟಿದ ಕಾಲ

ಸೂತ್ರ ಪೂರ್ತಿ ಸುಳ್ಳೇನಲ್ಲ. ಮಲೆನಾಡಿನ ರಸ್ತೆಗಳಲ್ಲಿ ಮಹೀಂದ್ರ ಜೀಪುಗಳೇ ತುಂಬಿದ್ದ ಕಾಲವನ್ನು ನೆನಪಿಸಿಕೊಳ್ಳಿ. ಆ ಎಂಜಿನ್‌ಗಳಲ್ಲಿ ಇಂಧನವನ್ನು ಅಳೆದು ಕೊಡುತ್ತಿದ್ದುದು ಯಾಂತ್ರಿಕ ಪಂಪು. ಅಂಥ ಪಂಪು ಎಂದರೆ 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯೇ ನಮ್ಮ ಜನರ ನೆನಪಿಗೆ ಬರುತ್ತಿತ್ತು. ಸಿಲಿಂಡರಿನೊಳಗೆ ಎಷ್ಟು ಗಾಳಿ ಬಂದಿದೆ ಎಂಬುದು ಈ ಪಂಪಿಗೆ ತಿಳಿಯದು. ಗಾಳಿ ಶೋಧಕ ಧೂಳಿನಿಂದ ಕಟ್ಟಿಕೊಂಡರೂ ಅದು ಅಷ್ಟೇ ಡೀಸೆಲ್ ತಳ್ಳುತ್ತದೆ. ಗಾಳಿ ಸಾಲದೆ ಇಂಗಾಲ ಮಸಿಯಾಗಿ ಉಳಿಯುತ್ತದೆ. ಅದೇ ಕಪ್ಪು ಹೊಗೆ. ಟರ್ಬೊ ಇಲ್ಲದ, ಹೊಗೆಯನ್ನು ಮರಳಿ ಒಳಗೆ ಕಳಿಸುವ ಕವಾಟವಿಲ್ಲದ ಅಂಥ ಎಂಜಿನ್‌ನಲ್ಲಿ ಕಪ್ಪು ಹೊಗೆಗೆ ಕಾರಣಗಳು ಕೆಲವೇ ಇದ್ದವು. ಅನುಭವಿ ಮೆಕ್ಯಾನಿಕ್‌ನ ಊಹೆ ಬಹುಮಟ್ಟಿಗೆ ಸರಿಯಾಗುತ್ತಿತ್ತು.

ಈಗ ಕಾಮನ್ ರೈಲ್ ಎಂಜಿನ್ನಿಗೆ ಬನ್ನಿ. ಫಿಯೆಟ್ ವಿನ್ಯಾಸದ 1248 ಘನ ಸೆಂ.ಮೀ. ಡೀಸೆಲ್ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಮಾರುತಿ, ಟಾಟಾ, ಫಿಯೆಟ್ ಮೂರೂ ಹೆಸರಿನ ಕಾರುಗಳಲ್ಲಿ ಅದು ಬಂದಿದೆ. ಇಂಥ ಹಲವು ಕಾರುಗಳಲ್ಲಿ ಒಳಬರುವ ಗಾಳಿಯ ರಾಶಿಯನ್ನು ಒಂದು ಸಂವೇದಕ ಅಳೆಯುತ್ತದೆ. ಕಂಪ್ಯೂಟರು ಅದಕ್ಕೆ ತಕ್ಕಷ್ಟೇ ಡೀಸೆಲ್ ಬಿಡುತ್ತದೆ. ಶೋಧಕ ಕಟ್ಟಿಕೊಂಡರೆ ಗಾಳಿಯ ಅಳತೆ ಕಡಿಮೆಯಾಗುತ್ತದೆ, ಡೀಸೆಲ್ ಕೂಡ ಕಡಿಮೆಯಾಗುತ್ತದೆ. ಕಾರು ಎಳೆಯುವುದಿಲ್ಲ, ಆದರೆ ಹೊಗೆಯೂ ಅಷ್ಟಾಗಿ ಕಾಣದು. ಅದೇ ಟರ್ಬೊ ಮತ್ತು ಎಂಜಿನ್ ನಡುವಿನ ಕೊಳವೆ ಹರಿದಿದ್ದರೆ? ಗಾಳಿ ಅಳತೆಯಾದ ಮೇಲೆ ಸೋರಿಹೋಗುತ್ತದೆ. ಕಂಪ್ಯೂಟರು ಇಲ್ಲದ ಗಾಳಿಯನ್ನು ಇದೆಯೆಂದು ನಂಬಿ ಡೀಸೆಲ್ ಬಿಡುತ್ತದೆ. ಆಗ ಕಪ್ಪು ಹೊಗೆ ಏಳುತ್ತದೆ. ಹೊಗೆ ಮರುಪರಿಚಲನೆಯ ಕವಾಟ ತೆರೆದೇ ಸಿಕ್ಕಿಕೊಂಡರೂ, ಇಂಜೆಕ್ಟರ್ ತೊಟ್ಟಿಕ್ಕಿದರೂ, ಟರ್ಬೊ ಸೋತರೂ ಬಣ್ಣ ಅದೇ. ಎಂಜಿನ್ ಬದಲಾಯಿತು, ಸೂತ್ರ ಮಾತ್ರ ಉಳಿಯಿತು. ಈ ಪಟ್ಟಿಯ ಮೇಲಿನ ಮೊದಲ ಆಕ್ಷೇಪ ಇದು.

ಒಂದು ಲೀಟರ್ ಡೀಸೆಲ್, ಒಂದು ಲೀಟರ್ ನೀರು

ಎರಡನೆಯ ಆಕ್ಷೇಪ, ಪಟ್ಟಿಯಲ್ಲಿ ಊರೂ ಇಲ್ಲ, ಋತುವೂ ಇಲ್ಲ. ಬಿಳಿ ಹೊಗೆಯನ್ನೇ ನೋಡಿ. ಡೀಸೆಲ್‌ನ ತೂಕದಲ್ಲಿ ಶೇಕಡಾ 13ರಿಂದ 14ರಷ್ಟು ಹೈಡ್ರೊಜನ್ ಇರುತ್ತದೆ. ಒಂದು ಲೀಟರ್ ಡೀಸೆಲ್ ಸುಮಾರು 840 ಗ್ರಾಂ ತೂಗುತ್ತದೆ. ಅದರಲ್ಲಿನ ಹೈಡ್ರೊಜನ್ ಸುಮಾರು 113 ಗ್ರಾಂ. ಪ್ರತಿ ಗ್ರಾಂ ಹೈಡ್ರೊಜನ್ ಉರಿದು 9 ಗ್ರಾಂ ನೀರಾಗುತ್ತದೆ. ಅಂದರೆ ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ಲೀಟರಿಗೆ 18 ಕಿ.ಮೀ. ಓಡುವ ಕಾರು 36 ಕಿ.ಮೀ. ಹೋಗುವಷ್ಟರಲ್ಲಿ ಎರಡು ಲೀಟರ್ ನೀರು ಬಿಟ್ಟಿರುತ್ತದೆ.

ಬೇಸಿಗೆಯ ಒಣಹವೆಯಲ್ಲಿ ಈ ಆವಿ ಕಣ್ಣಿಗೆ ಕಾಣುವುದಿಲ್ಲ. ಆದರೆ ಜುಲೈ ತಿಂಗಳ ಬೆಳಿಗ್ಗೆ ಸಿದ್ದಾಪುರದಲ್ಲಿ ಗಾಳಿ ಆಗಲೇ ತೇವದಿಂದ ತುಂಬಿರುತ್ತದೆ. ಅಲ್ಲಿಗೆ ಬಂದ ಬಿಸಿ ಆವಿ ಕೂಡಲೇ ಹನಿಗಟ್ಟಿ ಬಿಳಿಯಾಗಿ ಕಾಣುತ್ತದೆ. ಆರೋಗ್ಯವಾಗಿರುವ ಎಂಜಿನ್ನೂ ಆ ದಿನ ಬಿಳಿ ಹೊಗೆ ಬಿಡುತ್ತದೆ! ಅದನ್ನು ಕಂಡು ಹೆಡ್ ಬಿಚ್ಚುವುದು ಸರಿಯೆ?

ಹಾಗಾದರೆ ಬೇರ್ಪಡಿಸುವುದು ಹೇಗೆ? ಬರಿಯ ನೀರಾವಿ ಕೊಳವೆಯ ಬಾಯಿಂದ ಸ್ವಲ್ಪ ದೂರದಲ್ಲೇ ಕರಗುತ್ತದೆ, ಕಣ್ಣು ಉರಿಸುವುದಿಲ್ಲ. ಉರಿಯದೆ ಹೊರಬಂದ ಡೀಸೆಲ್‌ನ ಬಿಳಿ ಹೊಗೆ ಗಾಳಿಯಲ್ಲಿ ತೂಗುತ್ತದೆ, ಕಣ್ಣು ಮೂಗು ಉರಿಸುತ್ತದೆ. ಅದು ಎಂಜಿನ್ ಬಿಸಿಯಾದ ಮೇಲೆ ನಿಂತರೆ ಮೊದಲು ಅನುಮಾನಿಸಬೇಕಾದುದು ಗ್ಲೋ ಪ್ಲಗ್ಗನ್ನು; ನಿಲ್ಲದಿದ್ದರೆ ಸಂಪೀಡನ ಒತ್ತಡ ಅಥವಾ ಇಂಜೆಕ್ಟರನ್ನು. ಶೈತ್ಯಕ ದ್ರವ ಸಿಲಿಂಡರಿಗೆ ಸೋರುತ್ತಿದ್ದರೆ ದ್ರವದ ಮಟ್ಟ ಇಳಿಯುತ್ತಲೇ ಹೋಗಬೇಕು. ಬೆಳಿಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ, ದ್ರವ ಇನ್ನೂ ಬಿಸಿಯಾಗುವ ಮೊದಲೇ, ರೇಡಿಯೇಟರಿನ ಮೇಲಿನ ಕೊಳವೆ ಬಿಗಿಯಾಗಿ ಉಬ್ಬಿದರೆ ದಹನದ ಅನಿಲ ಒಳನುಗ್ಗುತ್ತಿದೆ ಎಂದು ಶಂಕಿಸಬಹುದು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಎಂದಿಗೂ ತೆರೆಯಬೇಡಿ.

ಅಧ್ಯಾಪಕರಿಗೆ ಇಲ್ಲೊಂದು ಕುತೂಹಲದ ಸಂಗತಿಯಿದೆ. ಶೈತ್ಯಕದ ಮೇಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯೇ ಎಂದು ಪತ್ತೆಮಾಡಲು ಗ್ಯಾರೇಜುಗಳಲ್ಲಿ ಬಳಸುವ ನೀಲಿ ದ್ರವದಲ್ಲಿರುವುದು ಸಾಮಾನ್ಯವಾಗಿ ಬ್ರೋಮೋಥೈಮಾಲ್ ಬ್ಲೂ. ಶಾಲಾ ಪ್ರಯೋಗಾಲಯದಲ್ಲಿ ಉಸಿರೂದಿ ಹಳದಿ ಮಾಡಿ ತೋರಿಸುವ ಅದೇ ಸೂಚಕ! ಆದರೆ ಡೀಸೆಲ್ ಎಂಜಿನ್ ಭಾರವಿಲ್ಲದೆ ಓಡುವಾಗ ಇಂಧನಕ್ಕೆ ಹೋಲಿಸಿದರೆ ಗಾಳಿಯನ್ನು ಬಹಳ ಹೆಚ್ಚು ಸೇವಿಸುವುದರಿಂದ ಅದರ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ಪ್ರಮಾಣ ಕಡಿಮೆ. ಆದ್ದರಿಂದ ಬಣ್ಣ ಬದಲಾದರೆ ಸೋರಿಕೆ ಇದೆ ಎನ್ನಬಹುದು. ಬದಲಾಗದಿದ್ದರೆ ಸೋರಿಕೆ ಇಲ್ಲ ಎನ್ನುವಂತಿಲ್ಲ.

ಪೆಟ್ರೋಲಿನಿಂದ ಎರವಲು

ನೀಲಿ ಹೊಗೆ ಎಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ ಎಂಬುದು ನಿಜ. ಆದರೆ ಎಣ್ಣೆ ಬಂದ ದಾರಿ ಯಾವುದು? ಇಳಿಜಾರಿನಲ್ಲಿ ಗೇರಿನಲ್ಲೇ ಇಳಿದು, ಮತ್ತೆ ಆಕ್ಸಿಲರೇಟರ್ ತುಳಿದಾಗ ನೀಲಿ ಹೊಗೆ ಚಿಮ್ಮಿದರೆ ವಾಲ್ವ್ ಸೀಲ್ ಹೋಗಿದೆ ಎನ್ನುವ ಪಾಠವೊಂದಿದೆ. ಪೆಟ್ರೋಲ್ ಎಂಜಿನ್‌ಗೆ ಅದು ಸಲ್ಲುತ್ತದೆ. ಅಲ್ಲಿ ಥ್ರಾಟಲ್ ಮುಚ್ಚಿದಾಗ ಒಳಕೊಳವೆಯಲ್ಲಿ ಒತ್ತಡ ಬಹಳ ಇಳಿದು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ನಿಯಂತ್ರಿಸುವುದು ಥ್ರಾಟಲ್ ಅಲ್ಲ, ಇಂಧನದ ಪ್ರಮಾಣ. ಒಳಕೊಳವೆಯಲ್ಲಿ ಅಷ್ಟು ಹೀರಿಕೆ ಉಂಟಾಗುವುದೇ ಇಲ್ಲ. ಪೆಟ್ರೋಲಿನ ಪಾಠವನ್ನು ಡೀಸೆಲ್‌ಗೆ ಹಚ್ಚಿ ದೇವಿಮನೆ ಘಟ್ಟ ಇಳಿದು ತೀರ್ಪು ಕೊಟ್ಟರೆ ಅದಕ್ಕೆ ಆಧಾರವಿಲ್ಲ. ಡೀಸೆಲ್‌ನಲ್ಲಿ ಟರ್ಬೊದ ಸೀಲು, ಕ್ರ್ಯಾಂಕ್ ಕೋಣೆಯ ಉಸಿರು ಕೊಳವೆ, ಅಳತೆ ಮೀರಿ ಸುರಿದ ಎಣ್ಣೆ ಇವನ್ನು ನೋಡಿದ ಮೇಲೆ ರಿಂಗಿನ ಮಾತು.

ಎಣ್ಣೆ ಹಾಕುವ ಮುಚ್ಚಳ ತೆರೆದು, ಆವಿ ಬಂದರೆ ಎಂಜಿನ್ ಮುಗಿಯಿತು ಎನ್ನುವುದೂ ಅವಸರದ ಮಾತು. ಯಾವ ರಿಂಗೂ ಪೂರ್ತಿ ಬಿಗಿಯಲ್ಲ. ಸ್ವಲ್ಪ ಅನಿಲ ಕೆಳಗೆ ಸೋರಿಯೇ ಸೋರುತ್ತದೆ. ಅದೇ ಮಾದರಿಯ, ಸ್ಥಿತಿ ಗೊತ್ತಿರುವ ಇನ್ನೊಂದು ಕಾರಿನೊಡನೆ ಹೋಲಿಸದೆ ಹೆಚ್ಚು, ಕಡಿಮೆ ಎಂಬ ಮಾತಿಗೆ ಅರ್ಥವಿಲ್ಲ. ಡೀಸೆಲ್ ಎಂಜಿನ್ನಿನ ಎಣ್ಣೆ ಕಪ್ಪಗಿರುವುದೂ ದೋಷವಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಡುವುದು ಆ ಎಣ್ಣೆಯ ಕೆಲಸವೇ.

ಪ್ರಮಾಣಪತ್ರ ಹೇಳದ ಮಾತು

ಮಾರುವವರು ಹೊಗೆ ತಪಾಸಣೆಯ ಪ್ರಮಾಣಪತ್ರ ತೋರಿಸಬಹುದು. ಆ ತಪಾಸಣೆಯಲ್ಲಿ ಕಾರನ್ನು ನಿಲ್ಲಿಸಿ, ಗೇರ್ ಹಾಕದೆ ಆಕ್ಸಿಲರೇಟರ್ ಒತ್ತಿ, ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ಅಳೆಯುತ್ತಾರೆ. ಮಿತಿ ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ 65 ಹಾರ್ಟ್‌ರಿಜ್ ಮಾನ, ಸ್ಟೇಜ್ 4ರ ವಾಹನಗಳಿಗೆ 50. ಪರಿಸರದ ದೃಷ್ಟಿಯಿಂದ ಇದು ಬೇಕಾದದ್ದೇ. ಆದರೆ ಅದನ್ನು ಎಂಜಿನ್ನಿನ ಆರೋಗ್ಯಪತ್ರ ಎಂದು ಓದುವಂತಿಲ್ಲ. ಏಕೆ?

ಲೆಕ್ಕ ಹಾಕಿ ನೋಡಿ. ಜನರೂ ಸೇರಿ 1,400 ಕಿ.ಗ್ರಾಂ ತೂಗುವ ಕಾರು ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುತ್ತಿದೆ. ಸಮತಟ್ಟಿನಲ್ಲಿ ಚಕ್ರದ ಘರ್ಷಣೆ, ಗಾಳಿಯ ತಡೆ ಎರಡಕ್ಕೂ ಸೇರಿ ಬೇಕಾಗುವುದು ಸುಮಾರು 2.5 ಕಿಲೋವ್ಯಾಟ್. 15 ಮೀಟರಿಗೆ 1 ಮೀಟರ್ ಏರುವ ದಾರಿಯಲ್ಲಿ ಗುರುತ್ವದ ವಿರುದ್ಧವೇ 1,400 × 9.8 × 10 ÷ 15, ಅಂದರೆ ಸುಮಾರು 9 ಕಿಲೋವ್ಯಾಟ್ ಹೆಚ್ಚಿಗೆ ಬೇಕು. ಒಟ್ಟು ನಾಲ್ಕೂವರೆ ಪಟ್ಟು! ಹರಿದ ಟರ್ಬೊ ಕೊಳವೆ ಬಾಯಿ ಬಿಡುವುದು ಒಳಗಿನ ಒತ್ತಡ ಏರಿದಾಗ. ಗೇರ್ ಇಲ್ಲದ ಕ್ಷಣಿಕ ಓಟದಲ್ಲಿ ಆ ಒತ್ತಡ ಅಷ್ಟಾಗಿ ಏರುವುದಿಲ್ಲ. ಆದ್ದರಿಂದ ಶಿರಸಿಯ ಪೇಟೆಯಲ್ಲಿ ಒಂದು ಸುತ್ತು ಹಾಕಿ ಕಾರು ಚೆನ್ನಾಗಿದೆ ಎನ್ನಬೇಡಿ. ಕುಮಟಾ ಕಡೆಯಿಂದ ದೇವಿಮನೆ ಘಟ್ಟವನ್ನೋ, ಅಂಕೋಲಾ ಕಡೆಯಿಂದ ಯಲ್ಲಾಪುರಕ್ಕೆ ಬರುವ ಅರಬೈಲ್ ಘಟ್ಟವನ್ನೋ ಹತ್ತಿಸಿ ನೋಡಿ. ನಮ್ಮ ಕಡೆಯವರಿಗೆ ಪುಕ್ಕಟೆಯಾಗಿ ಸಿಗುವ ಪರೀಕ್ಷಾ ಯಂತ್ರ ಅದು.

ಯಂತ್ರ ಹೇಳಿದರೂ ಅದೇ ತಪ್ಪು

ಇವೆಲ್ಲ ಹಳೆಯ ಮಾತು, ಈಗ ಸ್ಕ್ಯಾನರ್ ಇದೆಯಲ್ಲ ಎನ್ನುವಿರಾ? ಸ್ಕ್ಯಾನರ್ ಬಹಳ ಉಪಯುಕ್ತ. ಆದರೆ ಅದು ತೋರಿಸುವ ಸಂಕೇತವೂ ಲಕ್ಷಣವೇ, ಕಾರಣವಲ್ಲ. ‘ರೈಲಿನಲ್ಲಿ ಒತ್ತಡ ಕಡಿಮೆ’ ಎಂಬ ಸಂಕೇತ ಬಂದರೆ ಒತ್ತಡದ ಪಂಪನ್ನೇ ಬದಲಿಸುವವರಿದ್ದಾರೆ. ಮಳೆಗಾಲದಲ್ಲಿ ನೀರು ಸೇರಿದ ಅಥವಾ ಕೊಳೆ ಕಟ್ಟಿದ ಡೀಸೆಲ್ ಫಿಲ್ಟರಿನಿಂದಲೂ ಅದೇ ಸಂಕೇತ ಬರಬಹುದು. ಇಂಜೆಕ್ಟರ್ ಹೆಚ್ಚು ಡೀಸೆಲ್ ಮರಳಿಸುತ್ತಿದ್ದರೂ ಬರಬಹುದು. ಇನ್ನೊಂದು ಎಚ್ಚರಿಕೆ: ಮಾರುವ ಮುನ್ನ ಸಂಕೇತಗಳನ್ನು ಅಳಿಸಿರಬಹುದು. ಒಬಿಡಿ 2 ಇರುವ ಕಾರಿನಲ್ಲಿ ಅಳಿಸಿದ ಮೇಲೆ ಸ್ವಯಂ ಪರೀಕ್ಷೆಗಳು ‘ಪೂರ್ಣವಾಗಿಲ್ಲ’ ಎಂದೇ ಕೆಲಕಾಲ ಕಾಣಿಸುತ್ತವೆ. ಸಂಕೇತ ಇಲ್ಲದಿರುವುದರ ಜೊತೆಗೆ ಇದನ್ನೂ ನೋಡಿ.

ಇದಕ್ಕೆ ಬದಲಾಗಿ ಇಂಜೆಕ್ಟರುಗಳನ್ನು ಪರೀಕ್ಷಿಸುವ ಒಂದು ಸರಳ ಕ್ರಮವನ್ನು ಗಮನಿಸಿ. ಪ್ರತಿ ಇಂಜೆಕ್ಟರಿನಿಂದ ಮರಳಿ ಹೋಗುವ ಡೀಸೆಲನ್ನು ನಾಲ್ಕು ಚಿಕ್ಕ ಸೀಸೆಗಳಲ್ಲಿ ಬೇರೆ ಬೇರೆಯಾಗಿ ಹಿಡಿದು ಎಂಜಿನ್ ಓಡಿಸುತ್ತಾರೆ. ಮೂರು ಸೀಸೆ ಸಮನಾಗಿ ಏರಿ ನಾಲ್ಕನೆಯದು ಬೇಗ ತುಂಬಿದರೆ ದೋಷ ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ. ಡೀಸೆಲ್, ತಾಪ, ವೇಗ, ಸಮಯ ಎಲ್ಲವೂ ನಾಲ್ಕಕ್ಕೂ ಒಂದೇ. ವಿಜ್ಞಾನದಲ್ಲಿ ನಿಯಂತ್ರಿತ ಪ್ರಯೋಗ ಎನ್ನುವುದು ಇದಕ್ಕೇ. ಆದರೆ ಈ ಕೆಲಸ ತಿಳಿದವರಿಂದಲೇ ಆಗಲಿ. ಜೀಪಿನ ಕಾಲದಲ್ಲಿ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಸಿಲಿಂಡರ್ ಪರೀಕ್ಷಿಸುತ್ತಿದ್ದರು. ಕಾಮನ್ ರೈಲಿನಲ್ಲಿ ಒತ್ತಡ 1,400 ಬಾರ್ ಮುಟ್ಟುತ್ತದೆ. ಆ ಒತ್ತಡದ ಡೀಸೆಲ್ ಎಳೆ ಚರ್ಮವನ್ನು ಸೀಳಿ ಒಳಹೋಗಬಲ್ಲದು. ಆ ಹಳೆಯ ಪದ್ಧತಿ ಇಲ್ಲಿ ಜೀವಕ್ಕೇ ಅಪಾಯ.

ಪಟ್ಟಿಯನ್ನು ಹೇಗೆ ಬರೆಯಬೇಕಿತ್ತು?

ಬಣ್ಣ ಒಂದು ಕಡೆ, ಕಾರಣ ಒಂದು ಕಡೆ ಎಂಬ ಎರಡು ಕಂಬಸಾಲು ಸಾಲದು. ಲಕ್ಷಣ ಯಾವ ಸ್ಥಿತಿಯಲ್ಲಿ ಕಂಡಿತು, ಸಾಧ್ಯ ಕಾರಣಗಳು ಯಾವುವು, ಅವುಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಪರೀಕ್ಷೆ ಯಾವುದು ಎಂಬ ಸಾಲುಗಳೂ ಬೇಕು. ಪರೀಕ್ಷೆಗಳನ್ನು ಖರ್ಚಿನ ಕ್ರಮದಲ್ಲಿ ಜೋಡಿಸಬೇಕು: ಮೊದಲು ರಾತ್ರಿಯಿಡೀ ನಿಂತ ಕಾರಿನ ತಣ್ಣನೆಯ ಚಾಲನೆ, ಬಳಿಕ ಕೊಳವೆ ಮತ್ತು ಶೋಧಕ, ಘಟ್ಟದ ಓಟ, ಸ್ಕ್ಯಾನರ್, ಸೀಸೆಗಳ ಪರೀಕ್ಷೆ, ಕೊನೆಗೆ ಸಂಪೀಡನ ಒತ್ತಡದ ಅಳತೆ. ಆ ಕೊನೆಯದರಲ್ಲೂ ಒಂದು ಸಿಲಿಂಡರಿನ ಅಂಕಿಗಿಂತ ನಾಲ್ಕರ ನಡುವಿನ ವ್ಯತ್ಯಾಸವೇ ಹೆಚ್ಚು ತಿಳಿಸುತ್ತದೆ.

ಡೀಸೆಲ್ ಎಂಜಿನ್ನಿನ ಪಾಠವನ್ನು ನಾಲ್ಕು ಹೊಡೆತಗಳ ಚಿತ್ರ ಬರೆಸಿ ಮುಗಿಸುವುದು ನಮ್ಮ ತರಗತಿಗಳ ವಾಡಿಕೆ. ಅಧ್ಯಾಪಕರು ಅದರ ಮುಂದೆ ಒಂದು ಪ್ರಶ್ನೆ ಸೇರಿಸಬಹುದು: ‘ಘಟ್ಟ ಹತ್ತುವಾಗ ಮಾತ್ರ ಕಪ್ಪು ಹೊಗೆ ಬರುತ್ತದೆ, ನಿಂತಾಗ ಇಲ್ಲ. ಎರಡು ಕಾರಣ ಹೇಳಿ. ಅವುಗಳಲ್ಲಿ ಒಂದನ್ನು ತಳ್ಳಿಹಾಕಲು ಏನು ಮಾಡುತ್ತೀರಿ?’ ಕೊಳವೆಯನ್ನು ಸಾಬೂನು ನೀರು ಹಚ್ಚಿ ನೋಡುತ್ತೇನೆ ಎಂದು ವಿದ್ಯಾರ್ಥಿಯೊಬ್ಬ ಉತ್ತರಿಸಿದರೆ, ಪೂರ್ತಿ ಅಂಕ ಕೊಡಿ. ಆ ಒತ್ತಡ ನಿಂತ ಕಾರಿನಲ್ಲಿ ಬರುವುದು ಹೇಗೆ ಎಂದು ಇನ್ನೊಬ್ಬ ಮರುಪ್ರಶ್ನೆ ಹಾಕಿದರೆ, ಅವನಿಗೂ ಕೊಡಿ.