ಕೈಯೂ ಕಾಣುವ ಭಾವಚಿತ್ರ

ಕುಂಬಾರಿಕೆ, ನೇಯ್ಗೆ, ಮರಗೆಲಸ, ಬೇಕರಿ, ಒಡವೆ ತಯಾರಿಕೆಯಂಥ ಕಲೆಗಾರಿಕೆಯ ಉದ್ಯಮವನ್ನು ಸಣ್ಣ ಪ್ರಮಾಣದಲ್ಲಿ ತಮ್ಮದೇ ಹೆಸರಿನಲ್ಲಿ ನಡೆಸುವವರು ಗಿರಾಕಿಗಳಿಗೆ ತಮ್ಮ ಪರಿಚಯ ಮಾಡಿಕೊಡುವುದಕ್ಕಾಗಿ ತೆಗೆಸಿಕೊಳ್ಳುವ ಛಾಯಾಚಿತ್ರವನ್ನು ಇತ್ತೀಚೆಗೆ ‘ಪರ್ಸನಲ್ ಬ್ರ್ಯಾಂಡಿಂಗ್ ಪೋರ್ಟ್ರೇಟ್’ ಎಂದು ಕರೆಯಲಾಗುತ್ತಿದೆ. ಸರಕಿನ ಮೇಲೆ ಒತ್ತುವ ಗುರುತಿಗೆ ಬ್ರ್ಯಾಂಡ್ ಎಂದು ಹೆಸರಾದರೆ, ಇಲ್ಲಿ ಸರಕನ್ನು ಮಾಡಿದವರೇ ಆ ಗುರುತಾಗುತ್ತಾರೆ. ಹೀಗಿರುವಾಗ ಪಾಸ್‌ಪೋರ್ಟ್ ಅಳತೆಯ ಮುಖಚಿತ್ರವಾಗಲಿ, ಕೈಕಟ್ಟಿ ನಗುವ ಕಂಪನಿ ಅಧಿಕಾರಿಯ ಭಂಗಿಯಾಗಲಿ ಈ ಕೆಲಸಕ್ಕೆ ಸಾಲುವುದಿಲ್ಲ. ಕಸುಬುದಾರರ ಭಾವಚಿತ್ರದಲ್ಲಿ ಮುಖದಷ್ಟೇ ಕೈಯೂ ಕಾಣಬೇಕು, ಮತ್ತು ಆ ಕೈ ತನ್ನ ಕೆಲಸದಲ್ಲಿ ತೊಡಗಿರಬೇಕು.

ಈ ತಿಳಿವಳಿಕೆ ಛಾಯಾಗ್ರಹಣದಷ್ಟೇ ಹಳೆಯದು. 19ನೆಯ ಶತಮಾನದ ನಡುಭಾಗದಲ್ಲಿಯೇ ಅಮೆರಿಕದ ಬಡಗಿಗಳು, ಕಮ್ಮಾರರು, ಚಮ್ಮಾರರು ತಮ್ಮ ಹತಾರಗಳನ್ನು ಸ್ಟುಡಿಯೋಗೆ ಹೊತ್ತೊಯ್ದು, ಅವನ್ನು ಹಿಡಿದೇ ಚಿತ್ರ ತೆಗೆಸಿಕೊಳ್ಳುತ್ತಿದ್ದರು. 1854ರಲ್ಲಿ ಪ್ಯಾರಿಸ್‌ನ ಡಿಸ್ಡೇರಿ ಒಂದೇ ಗಾಜಿನ ಫಲಕದ ಮೇಲೆ ಹಲವು ಚಿಕ್ಕ ಚಿತ್ರಗಳನ್ನು ಮೂಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ, ಭೇಟಿ ಚೀಟಿಯ ಅಳತೆಯ ಭಾವಚಿತ್ರ ಅಗ್ಗವಾಗಿ ಕೈಯಿಂದ ಕೈಗೆ ಹರಿದಾಡತೊಡಗಿತು.

ಕಸುಬಿನ ಭಾವಚಿತ್ರವನ್ನು ಗಂಭೀರ ಕಲೆಯ ಎತ್ತರಕ್ಕೆ ಒಯ್ದವರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಸ್ಟುಡಿಯೋ ನಡೆಸುತ್ತಿದ್ದ ಆಗಸ್ಟ್ ಸಾಂಡರ್ (1876–1964) ಅಗ್ರಗಣ್ಯರು. ಅವರು 1928ರಲ್ಲಿ ತೆಗೆದ ಮಿಠಾಯಿಗಾರನ ಚಿತ್ರ ಇಂದಿಗೂ ಈ ವಿದ್ಯೆಯ ಮೊದಲ ಪಾಠವಾಗಬಲ್ಲದು. ಬಿಳಿಯ ನಿಲುವಂಗಿ ತೊಟ್ಟ ದಪ್ಪ ಮೈಯ ಆಸಾಮಿ ತನ್ನ ಅಡುಗೆಕೋಣೆಯಲ್ಲಿಯೇ ದೊಡ್ಡ ಪಾತ್ರೆಯೊಂದನ್ನು ಹಿಡಿದು ನೇರವಾಗಿ ಕ್ಯಾಮೆರಾದತ್ತ ನೋಡುತ್ತಾನೆ. ದುಂಡನೆಯ ಬೋಳುತಲೆ, ದುಂಡನೆಯ ಪಾತ್ರೆ, ದುಂಡನೆಯ ಹೊಟ್ಟೆ ಒಂದಕ್ಕೊಂದು ಉತ್ತರ ಕೊಡುವಂತೆ ಕೂಡಿಕೊಂಡು, ಮನುಷ್ಯನೂ ಅವನ ಕೆಲಸವೂ ಒಂದೇ ಆಕೃತಿಯಾಗುತ್ತವೆ. ನಗು ಇಲ್ಲ, ಆದರೆ ತನ್ನ ಕೆಲಸ ಬಲ್ಲವನ ನೆಮ್ಮದಿ ಇದೆ. ಇದಕ್ಕೆ ವ್ಯತಿರಿಕ್ತವಾಗಿ ಅಮೆರಿಕದ ಇರ್ವಿಂಗ್ ಪೆನ್ 1950–51ರಲ್ಲಿ ಪ್ಯಾರಿಸ್, ಲಂಡನ್ ಮತ್ತು ನ್ಯೂಯಾರ್ಕ್‌ಗಳ ಕಸುಬುದಾರರನ್ನು ಸ್ಟುಡಿಯೋಗೆ ಕರೆಸಿ, ಕೆಲಸದ ಉಡುಪು ಮತ್ತು ಹತಾರಗಳೊಡನೆ ಬರಿಯ ಪರದೆಯ ಮುಂದೆ ನಿಲ್ಲಿಸಿದರು. ನ್ಯೂಯಾರ್ಕಿನವರಲ್ಲಿ ಕೆಲವರು, ಕೆಲಸದ ಬಟ್ಟೆಯಲ್ಲೇ ಬನ್ನಿ ಎಂದು ಹೇಳಿದ್ದರೂ ಗಡ್ಡ ಬೋಳಿಸಿಕೊಂಡು ಒಳ್ಳೆಯ ಉಡುಪಿನಲ್ಲಿ ಬಂದರೆಂದು ಪೆನ್ ದಾಖಲಿಸಿದ್ದಾರೆ. ಕ್ಯಾಮೆರಾ ಎಂದೊಡನೆ ಮದುವೆಮನೆಗೆ ಹೊರಟವರಂತೆ ಸಿಂಗರಿಸಿಕೊಳ್ಳುವ ಈ ಸ್ವಭಾವ ಎಲ್ಲ ಊರಿನದೂ ಹೌದು. ಪೆನ್ ಅವರ ಚಿತ್ರಗಳ ಸೊಬಗು ಪ್ರಶ್ನಾತೀತವಾದರೂ, ತನ್ನ ಅಂಗಡಿಗೆ ಗಿರಾಕಿಯನ್ನು ಬರಮಾಡಿಕೊಳ್ಳಬೇಕಾದ ಕುಶಲಕರ್ಮಿಗೆ ಸಾಂಡರ್ ಅವರ ದಾರಿಯೇ ಹೆಚ್ಚು ಹತ್ತಿರದ್ದು, ಏಕೆಂದರೆ ಕೆಲಸದ ಜಾಗವೂ ಅಲ್ಲಿ ಮಾತನಾಡುತ್ತದೆ.

ಇಂದಿನ ಫ್ಯಾಷನ್ ಮಾತ್ರ ಈ ಜಾಗವನ್ನೇ ಅಳಿಸಿಹಾಕುತ್ತಿದೆ. ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರಕ್ಕೆ ಅಪರ್ಚರ್ ಎಂದು ಹೆಸರು. ಅದನ್ನು ಎಫ್ 1.8ರಷ್ಟು ಅಗಲವಾಗಿ ತೆರೆದರೆ ಮುಖ ಮಾತ್ರ ಸ್ಪಷ್ಟವಾಗಿ ಮೂಡಿ ಹಿನ್ನೆಲೆ ಮಂಜಿನಂತೆ ಕರಗುತ್ತದೆ. ಮಗ್ಗವೋ, ತಿಗರಿಯೋ, ಕುಲುಮೆಯೋ ಹೀಗೆ ಕರಗಿಹೋದರೆ ಆ ಚಿತ್ರ ಯಾರದಾದರೂ ಆಗಬಹುದು. ಎಫ್ 5.6ರ ಆಸುಪಾಸಿನ ಕಿರಿದಾದ ತೆರಪು, 35 ಮಿಲಿಮೀಟರಿನ ಲೆನ್ಸು ಮತ್ತು ಕಿಟಕಿಯ ಬೆಳಕು ಇದ್ದರೆ ಹಿನ್ನೆಲೆ ಹದವಾಗಿ ಉಳಿಯುತ್ತದೆ. ಅಗಲ ನೋಟದ ಲೆನ್ಸು ಮೂಗನ್ನು ದೊಡ್ಡದು ಮಾಡುತ್ತದೆಂಬ ಅಂಜಿಕೆ ಪೂರ್ತಿ ಸರಿಯಲ್ಲ. ವಿಕಾರ ಹುಟ್ಟುವುದು ಕ್ಯಾಮೆರಾ ಮುಖಕ್ಕೆ ತೀರ ಹತ್ತಿರ ಬಂದಾಗ, ಆದ್ದರಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಸಾಕು.

ಬೀದರಿನ ಬಿದ್ರಿ ಕೆಲಸ ಈ ಕಲೆಗೆ ಕಠಿಣ ಪರೀಕ್ಷೆ ಒಡ್ಡುತ್ತದೆ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂರಿಸಿದ ಮೇಲೆ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಲ್ಲಿ ಕಾಯಿಸಿದಾಗ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಹೊಳಪು ಕೊಟ್ಟ ಬೆಳ್ಳಿ ಕನ್ನಡಿಯಿದ್ದಂತೆ, ತನ್ನೆದುರಿಗೆ ಇರುವುದನ್ನೇ ತೋರಿಸುತ್ತದೆ. ಕೋಣೆ ಕತ್ತಲಾಗಿದ್ದರೆ ಬೆಳ್ಳಿಯೂ ಕಪ್ಪಾಗಿ ಕಾಣುತ್ತದೆ, ಫ್ಲ್ಯಾಶ್ ಹೊಡೆದರೆ ಒಂದೆಡೆ ಮಾತ್ರ ಚುಕ್ಕಿಯಾಗಿ ಸಿಡಿಯುತ್ತದೆ. ಅದಕ್ಕೆ ಎದುರು ಬದಿಯಲ್ಲಿ ದೊಡ್ಡ ಬಿಳಿ ಪಂಚೆಯೊಂದನ್ನು ಇಳಿಬಿಟ್ಟರೆ ಕುಸುರಿ ಸಮನಾಗಿ ಬೆಳಗುತ್ತದೆ, ಅದೇ ಪಂಚೆಯಿಂದ ಚಿಮ್ಮಿದ ಬೆಳಕು ಹೂಜಿಯ ಮೇಲೆ ಬಾಗಿದ ಕಲಾವಿದನ ಮುಖಕ್ಕೂ ಮೃದುವಾಗಿ ತಾಗುತ್ತದೆ. ಇನ್ನೊಂದು ತೊಡಕು ಕ್ಯಾಮೆರಾದ ಒಳಗೇ ಇದೆ: ಅದರ ಬೆಳಕಿನ ಮಾಪಕ ಕಂಡದ್ದನ್ನೆಲ್ಲ ನಡುಬೂದು ಬಣ್ಣಕ್ಕೆ ತರಲು ಹವಣಿಸುವುದರಿಂದ, ಕಪ್ಪು ಪಾತ್ರೆ ಚೌಕಟ್ಟನ್ನು ತುಂಬಿದಾಗ ಮುಖ ಅಸಹಜವಾಗಿ ಬಿಳಿಚಿಕೊಳ್ಳುತ್ತದೆ. ಇದನ್ನು ತಡೆಯಲು ಮುಖದ ಬಳಿಯೇ ಬೆಳಕನ್ನು ಅಳೆಯುವುದು ಉತ್ತಮ.

ಚನ್ನಪಟ್ಟಣದ ಅರಗಿನ ಆಟಿಕೆಗೆ ಬೇರೆಯದೇ ಹದ ಬೇಕು. ಲೇತಿನಲ್ಲಿ ತಿರುಗುತ್ತಿರುವ ದುಂಡು ಬೊಂಬೆಯ ಅಂಚು ಷಟರನ್ನು ನಿಧಾನವಾಗಿ ಬಿಟ್ಟರೂ ಕಲಸಿಹೋಗದು, ಅರಗಿನ ಕಡ್ಡಿ ಒತ್ತುವ ಕೈ ಮಾತ್ರ ತುಸು ಮಸುಕಾಗಿ ಮೂಡುತ್ತದೆ. ಆ ಮಸುಕಿನಲ್ಲಿಯೇ ಕೆಲಸದ ವೇಗವಿದೆ. ಚಿತ್ರ ತಿದ್ದುವಾಗ ಬೆರಳಿನ ಕಲೆ, ಉಗುರಿನ ಬಣ್ಣ, ಅಂಗೈಯ ದಡ್ಡುಗಳನ್ನು ಒರೆಸಿಹಾಕುವ ಚಾಳಿ ಎಷ್ಟು ಬೇಗ ನಿಂತರೆ ಅಷ್ಟು ಒಳ್ಳೆಯದು.

ಕೊನೆಯದಾಗಿ ಹೆಸರಿನ ವಿಚಾರ. 1868ರಿಂದ 1875ರವರೆಗೆ ಬ್ರಿಟಿಷ್ ಆಡಳಿತ ಎಂಟು ಸಂಪುಟಗಳಲ್ಲಿ ಹೊರತಂದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿ ಇಲ್ಲಿಯ ಜನ ಬಹುಮಟ್ಟಿಗೆ ಜಾತಿ, ಪಂಗಡ, ವೃತ್ತಿಗಳ ಮಾದರಿಗಳಾಗಿ ಉಳಿದರು, ಸಾಂಡರ್ ಅವರ ಮಿಠಾಯಿಗಾರನೂ ಶೀರ್ಷಿಕೆಯಲ್ಲಿ ಮಿಠಾಯಿಗಾರ ಮಾತ್ರ. ಕಸುಬುದಾರರೇ ಹಣ ಕೊಟ್ಟು ತೆಗೆಸುವ ಇಂದಿನ ಭಾವಚಿತ್ರ ಈ ಅನ್ಯಾಯವನ್ನು ಸರಿಪಡಿಸಬಲ್ಲದು. ಕಾನೂನೂ ಅವರ ಪರವಾಗಿದೆ: 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ 17ನೆಯ ಸೆಕ್ಷನ್ನಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಪ್ರತಿಫಲ ಕೊಟ್ಟು ಛಾಯಾಚಿತ್ರ ತೆಗೆಸಿದವರೇ ಅದರ ಮೊದಲ ಹಕ್ಕುದಾರರು. ಆ ‘ಬೇರೆ ಒಪ್ಪಂದ’ ಹಲವು ವೇಳೆ ಸ್ಟುಡಿಯೋದ ರಸೀದಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಅಡಗಿರಬಹುದಾದ್ದರಿಂದ, ರುಜು ಹಾಕುವ ಮುನ್ನ ಆ ಸಾಲುಗಳನ್ನು ಕನ್ನಡದಲ್ಲಿ ಓದಿ ಹೇಳುವಂತೆ ನೇಕಾರರೂ ಬಡಗಿಗಳೂ ಕೇಳಬೇಕು.