ನೊಂದವರ ಲೆಕ್ಕ ಯಾರಿಗೆ ಸೇರಿದ್ದು?

ಕಳೆದುಹೋದ ಕುರಿಯ ಸಾಮತಿಯನ್ನು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಅರಸಿ ಹೊರಟ ಕುರಿಗಾಹಿಯ ಪ್ರೀತಿಯನ್ನು ಪ್ರಬೋಧನೆಗಳಲ್ಲಿ ಕೊಂಡಾಡುತ್ತೇವೆ. ಆದರೆ ಆ ಪ್ರೀತಿಗೂ ಮೊದಲು ನಡೆದ ಒಂದು ಸಣ್ಣ ಕೆಲಸವನ್ನು ನಾವು ಗಮನಿಸುವುದು ಅಪರೂಪ. ಅವನು ಸಂಜೆ ಕುರಿಗಳನ್ನು ಎಣಿಸಿದ್ದ. ಎಣಿಸದೇ ಇದ್ದಿದ್ದರೆ ಒಂದು ಕಡಿಮೆಯಾಯಿತೆಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಸಮುದಾಯವೊಂದು ತನ್ನಲ್ಲಿ ನೊಂದವರನ್ನು ಎಷ್ಟು ಪ್ರೀತಿಸುತ್ತದೆ ಎಂಬುದು, ಅವರನ್ನು ಅದು ಎಣಿಸುತ್ತದೆಯೇ, ಎಣಿಸಿದ್ದನ್ನು ಎಲ್ಲರ ಮುಂದೆ ಹೇಳುತ್ತದೆಯೇ ಎಂಬುದರಿಂದಲೂ ತಿಳಿಯುತ್ತದೆ. ಲಸಿಕೆಯಿಂದ ಹಾನಿಗೊಳಗಾದೆವೆಂದು ಪರಿಹಾರ ಕೇಳುವವರ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ಲಸಿಕೆಗಳು ಮನುಕುಲಕ್ಕೆ ಮಾಡಿರುವ ಉಪಕಾರವನ್ನು ಈ ಬರಹ ಪ್ರಶ್ನಿಸುವುದಿಲ್ಲ. ಪಲ್ಸ್ ಪೋಲಿಯೋ ಭಾನುವಾರಗಳಂದು ಪೂಜೆ ಮುಗಿಸಿ, ಮಗುವನ್ನು ಎತ್ತಿಕೊಂಡು ಹನಿ ಹಾಕಿಸಲು ಹೋದ ತಾಯಂದಿರ ಶ್ರಮದ ಫಲವಾಗಿ ಭಾರತವು 2014ರ ಮಾರ್ಚ್‌ನಲ್ಲಿ ಪೋಲಿಯೋಮುಕ್ತವೆಂಬ ಮಾನ್ಯತೆ ಪಡೆಯಿತು. ಆದರೂ ಯಾವ ಔಷಧವೂ ಪೂರ್ಣ ನಿರಪಾಯಕಾರಿಯಲ್ಲ. ಕೋಟ್ಯಂತರ ಜನರಿಗೆ ಒಳಿತಾಗುವಾಗ ಎಲ್ಲೋ ಕೆಲವರಿಗೆ ನಿಜವಾದ ಕೆಡುಕೂ ಆಗುತ್ತದೆ. 2021ರಲ್ಲಿ ಪೋಪ್ ಫ್ರಾನ್ಸಿಸರು ಕೋವಿಡ್ ಲಸಿಕೆ ಪಡೆಯುವುದನ್ನು ಪ್ರೀತಿಯ ಕಾರ್ಯವೆಂದು ಕರೆದರು. ಹಾಗಾದರೆ ಪರರ ಹಿತಕ್ಕಾಗಿಯೂ ತೋಳು ಚಾಚಿ, ಅದರಿಂದಲೇ ನೊಂದವನಿಗೆ ಸಮಾಜವು ಏನನ್ನು ಕೊಡಬೇಕಾಗಿದೆ? ಪರಿಹಾರಧನ ಒಂದು, ಸತ್ಯ ಇನ್ನೊಂದು. ಮೊದಲನೆಯದರ ಬಗ್ಗೆ ಅಲ್ಲಲ್ಲಿ ಚರ್ಚೆಯಾಗುತ್ತದೆ. ಎರಡನೆಯದನ್ನು ಪರಿಶೀಲಿಸಲು, ಇಂಥ ಲೆಕ್ಕವನ್ನು ಬಹುಕಾಲದಿಂದ ಪ್ರಕಟಿಸುತ್ತ ಬಂದಿರುವ ಅಮೆರಿಕದ ಅನುಭವ ಒಳ್ಳೆಯ ಉದಾಹರಣೆ.

1980ರ ದಶಕದಲ್ಲಿ ಅಲ್ಲಿ ನಾಯಿಕೆಮ್ಮಿನ ಲಸಿಕೆಯ ವಿರುದ್ಧ ಮೊಕದ್ದಮೆಗಳು ಹೆಚ್ಚಿ, ತಯಾರಕರು ಒಬ್ಬೊಬ್ಬರಾಗಿ ಹಿಂದೆ ಸರಿಯತೊಡಗಿದರು. ಲಸಿಕೆಯೇ ಸಿಗದಿರುವ ಭಯ ಹುಟ್ಟಿತು. ಆಗ 1986ರಲ್ಲಿ ಒಂದು ಕಾಯ್ದೆ ಬಂದು, 1988ರ ಅಕ್ಟೋಬರಿನಿಂದ ರಾಷ್ಟ್ರೀಯ ಲಸಿಕಾ ಹಾನಿ ಪರಿಹಾರ ಯೋಜನೆ ಜಾರಿಯಾಯಿತು. ತಪ್ಪು ಯಾರದೆಂದು ಸಾಧಿಸುವ ಹೊರೆ ಇಲ್ಲಿ ನೊಂದವರ ಮೇಲಿಲ್ಲ. ಪ್ರತಿ ಡೋಸಿನ ಮೇಲೆ, ಅದು ತಡೆಯುವ ಒಂದೊಂದು ರೋಗಕ್ಕೂ 75 ಸೆಂಟಿನಂತೆ ತೆರಿಗೆ ಸಂಗ್ರಹಿಸಿ ನಿಧಿಯನ್ನು ಕಟ್ಟಲಾಗಿದೆ. ಅರ್ಜಿಗಳನ್ನು ಫೆಡರಲ್ ಕ್ಲೇಮ್ಸ್ ನ್ಯಾಯಾಲಯದ ‘ಸ್ಪೆಷಲ್ ಮಾಸ್ಟರ್’ ಎಂಬ ನ್ಯಾಯಾಧಿಕಾರಿಗಳು ವಿಚಾರಿಸುತ್ತಾರೆ. ಅರ್ಜಿ ಸೋತರೂ ಅದು ಪ್ರಾಮಾಣಿಕವೂ ಸಕಾರಣವೂ ಆಗಿದ್ದರೆ ವಕೀಲರ ವೆಚ್ಚವನ್ನು ನಿಧಿಯಿಂದಲೇ ಭರಿಸಲಾಗುತ್ತದೆ.

ಈ ಯೋಜನೆಯ ಅಂಕಿಅಂಶಗಳನ್ನು ಅಲ್ಲಿನ ಆರೋಗ್ಯ ಇಲಾಖೆ ನಿಯತವಾಗಿ ಪ್ರಕಟಿಸುತ್ತ ಬಂದಿದೆ. ಆರಂಭದಿಂದ 28,000ಕ್ಕೂ ಹೆಚ್ಚು ಅರ್ಜಿಗಳು ಬಂದಿವೆ. ಇತ್ಯರ್ಥವಾದವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಪರಿಹಾರ ದೊರೆತಿದೆ, ಉಳಿದವು ವಜಾ ಆಗಿವೆ. ಸಂದಾಯವಾದ ಮೊತ್ತ 500 ಕೋಟಿ ಡಾಲರುಗಳನ್ನು ಮೀರಿದೆ. ಇಷ್ಟನ್ನೇ ಓದಿದವನು ಬೆಚ್ಚಿಬೀಳಬಹುದು. ಆದರೆ ಅದೇ ಪಟ್ಟಿಯ ಜೊತೆ ಇನ್ನೊಂದು ಸಂಖ್ಯೆಯೂ ಇದೆ. 2006ರಿಂದೀಚೆಗೆ ವಿತರಣೆಯಾದ ಡೋಸುಗಳು 500 ಕೋಟಿಗೂ ಅಧಿಕ. ಅಂದರೆ ಹತ್ತು ಲಕ್ಷ ಡೋಸುಗಳಿಗೆ ಸುಮಾರು ಒಬ್ಬ ವ್ಯಕ್ತಿ ಪರಿಹಾರ ಪಡೆದಿದ್ದಾನೆ. ಭಯವನ್ನು ಅದರ ತಕ್ಕ ಗಾತ್ರಕ್ಕೆ ತಂದಿದ್ದೂ ಈ ಬಹಿರಂಗ ಲೆಕ್ಕವೇ.

ತೀರ್ಪುಗಳ ವಿಷಯವೂ ಹೀಗೆಯೇ. ಲಸಿಕೆಯಿಂದ ಆಟಿಸಂ ಬರುತ್ತದೆಂದು ವಾದಿಸಿ 5,000ಕ್ಕೂ ಹೆಚ್ಚು ಕುಟುಂಬಗಳು ಈ ನ್ಯಾಯಾಲಯದ ಮುಂದೆ ಬಂದಿದ್ದವು. ಮಾದರಿಯಾಗಿ ಆಯ್ದ ಪ್ರಕರಣಗಳನ್ನು ವಿಚಾರಿಸಿ 2009 ಮತ್ತು 2010ರಲ್ಲಿ ಆ ವಾದವನ್ನು ತಳ್ಳಿಹಾಕಲಾಯಿತು. ತೀರ್ಪುಗಳು ಸುದೀರ್ಘವಾದವು, ಯಾರು ಬೇಕಾದರೂ ಓದಬಹುದಾದವು. ಯಾವ ತಜ್ಞನ ಮಾತು ಏಕೆ ನಿಲ್ಲಲಿಲ್ಲವೆಂಬುದು ಅಲ್ಲಿ ವಿವರವಾಗಿದೆ. ಕಾರಣವನ್ನು ತೋರಿಸಿ ಹೇಳಿದ ‘ಇಲ್ಲ’ ಎಂಬುದಕ್ಕೂ ಬಾಗಿಲು ಮುಚ್ಚಿ ಹೇಳಿದ ‘ಇಲ್ಲ’ ಎಂಬುದಕ್ಕೂ ಎಷ್ಟು ಅಂತರ! ಮೊದಲನೆಯದನ್ನು ನೊಂದ ತಂದೆ ಒಪ್ಪದಿರಬಹುದು, ಆದರೆ ತನ್ನ ಮಾತನ್ನು ಆಲಿಸಿದ್ದಾರೆಂಬುದು ಅವನಿಗೆ ತಿಳಿಯುತ್ತದೆ. ಎರಡನೆಯದು ಅವನಲ್ಲಿ ಸಂಶಯವನ್ನು ಮಾತ್ರ ಬೆಳೆಸುತ್ತದೆ.

ಇಷ್ಟಾದರೂ ಈ ವ್ಯವಸ್ಥೆ ದೋಷಮುಕ್ತವಲ್ಲ. ಪರಿಹಾರ ದೊರೆತ ಪ್ರಕರಣಗಳಲ್ಲಿ ಶೇಕಡ 60ರಷ್ಟು ರಾಜಿಯಿಂದ ಮುಗಿದವು. ಲಸಿಕೆಯೇ ಕಾರಣವೆಂಬ ತೀರ್ಮಾನಕ್ಕೆ ಸರ್ಕಾರ ಅಲ್ಲಿ ಬಂದಿರುವುದಿಲ್ಲ. ವ್ಯಾಜ್ಯ ಬೇಗ ಮುಗಿಯಲೆಂದು ಹಣ ಕೊಡುತ್ತದೆ. ರಾಜಿಯಲ್ಲಿ ದಯೆಯಿದೆ, ಸತ್ಯಶೋಧನೆ ಇಲ್ಲ. ಒಂದು ಪಕ್ಷದವರು ಅದೇ ಸಂಖ್ಯೆಯನ್ನು ಹಾನಿಯ ಪುರಾವೆ ಎನ್ನುತ್ತಾರೆ, ಇನ್ನೊಂದು ಪಕ್ಷದವರು ಅದಕ್ಕೆ ಅರ್ಥವೇ ಇಲ್ಲ ಎನ್ನುತ್ತಾರೆ. ಪಟ್ಟಿಯಲ್ಲಿ ಲಸಿಕೆಯ ಹೆಸರಿದೆ, ಆದ ತೊಂದರೆಯ ಬಗೆ ಇಲ್ಲ. ಈಚಿನ ವರ್ಷಗಳ ಅರ್ಜಿಗಳಲ್ಲಿ ದೊಡ್ಡ ಪಾಲು ಭುಜದ ನೋವಿಗೆ ಸಂಬಂಧಿಸಿದ್ದು. ಸೂಜಿಯನ್ನು ತೋಳಿನಲ್ಲಿ ತೀರ ಮೇಲೆ ಚುಚ್ಚಿದ್ದರಿಂದ ಆಗುವ ತೊಂದರೆ ಅದು. ದಾದಿಯರ ತರಬೇತಿಯಿಂದ ತಪ್ಪಿಸಬಹುದಾದ ಈ ನೋವು, ಮೊತ್ತದೊಳಗೆ ಬೆರೆತುಹೋದಾಗ ಲಸಿಕೆಯ ಮೇಲಿನ ಅಪವಾದವಾಗಿ ಉಳಿಯುತ್ತದೆ. ಮರಣಕ್ಕೆ ಕೊಡುವ 2,50,000 ಡಾಲರುಗಳ ಮಿತಿಯನ್ನು 1986ರಲ್ಲೇ ಕಾಯ್ದೆಯಲ್ಲಿ ಬರೆಯಲಾಯಿತು. ನಂತರದ ದಶಕಗಳಲ್ಲಿ ಹಣದ ಬೆಲೆ ಎಷ್ಟೋ ಕುಸಿದರೂ ಆ ಮಿತಿ ಮೇಲೇಳಲಿಲ್ಲ.

ಇದಕ್ಕಿಂತ ಗಂಭೀರವಾದ ಲೋಪ ಕೋವಿಡ್ ಕಾಲದಲ್ಲಿ ಕಂಡುಬಂತು. ಕೋವಿಡ್ ಲಸಿಕೆಗಳ ಅರ್ಜಿಗಳು ಮೇಲಿನ ನ್ಯಾಯಾಲಯಕ್ಕೆ ಹೋಗಲಿಲ್ಲ. 2005ರ ತುರ್ತುಸ್ಥಿತಿ ಕಾಯ್ದೆಯಡಿ ಇರುವ ಮತ್ತೊಂದು ಯೋಜನೆಗೆ ಹೋದವು. ಅಲ್ಲಿ ನ್ಯಾಯಾಧೀಶರಿಲ್ಲ, ವಕೀಲರ ವೆಚ್ಚವಿಲ್ಲ, ನ್ಯಾಯಾಲಯಕ್ಕೆ ಮೇಲ್ಮನವಿಯಿಲ್ಲ. ಲಸಿಕೆ ಪಡೆದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಸಾವಿರಾರು ಅರ್ಜಿಗಳು ಬಂದವು. 2023ರ ಏಪ್ರಿಲ್ ವೇಳೆಗೆ ಪರಿಹಾರ ದೊರೆತದ್ದು ಮೂವರಿಗೆ. ಮೂವರಿಗೂ ಸೇರಿ 4,600 ಡಾಲರಿಗೆ ತುಸು ಹೆಚ್ಚು. ಮಾಸಿಕ ಮೊತ್ತಗಳು ಪ್ರಕಟವಾಗುತ್ತ ಬಂದವಾದರೂ, ಒಬ್ಬೊಬ್ಬರ ಅರ್ಜಿಯನ್ನು ಒಪ್ಪಿದ ಅಥವಾ ತಳ್ಳಿದ ಕಾರಣಗಳು ಹೊರಬರಲಿಲ್ಲ. ಒಂದೇ ದೇಶದಲ್ಲಿ, ಒಂದೇ ಬಗೆಯ ನೋವಿಗೆ, ಒಬ್ಬನಿಗೆ ತೆರೆದ ನ್ಯಾಯಾಲಯ, ಇನ್ನೊಬ್ಬನಿಗೆ ಮುಚ್ಚಿದ ಕಚೇರಿ. ಇದು ಹೇಗೆ ನ್ಯಾಯವಾದೀತು?

ಅಂಕಿಅಂಶಗಳನ್ನು ಬಯಲಿಗಿಟ್ಟರೆ ಜನ ಹೆದರಿ ಮಕ್ಕಳಿಗೆ ಲಸಿಕೆ ಹಾಕಿಸಲಾರರು ಎಂಬ ಆಕ್ಷೇಪ ಇದೆ. ಅದನ್ನು ಹಗುರಾಗಿ ಕಾಣಬಾರದು. ವದಂತಿಯಿಂದ ಲಸಿಕೆ ತಪ್ಪಿದ ಮಗು ದಡಾರಕ್ಕೆ ಬಲಿಯಾದರೆ ಆ ಪಾಪದಲ್ಲಿ ಅನೇಕರಿಗೆ ಪಾಲಿದೆ. ಆದರೆ ಮೌನವೆಂಬುದು ವದಂತಿಗೆ ಮದ್ದಲ್ಲ, ಗೊಬ್ಬರ. ಪೋಲಿಯೋದ ಉದಾಹರಣೆಯನ್ನೇ ನೋಡೋಣ. ಬಾಯಿಗೆ ಹಾಕುವ ಹನಿಯಿಂದಲೇ ಅತಿ ವಿರಳವಾಗಿ ಪಾರ್ಶ್ವವಾಯು ಬರುತ್ತದೆಂಬುದನ್ನು ಅಮೆರಿಕದಲ್ಲಿ ಎಣಿಸಿ ದಾಖಲಿಸಿದರು. ವರ್ಷಕ್ಕೆ ಸರಾಸರಿ ಎಂಟೊಂಬತ್ತು ಮಂದಿ. ಕಾಡು ಪೋಲಿಯೋ ಅಲ್ಲಿ ಅಳಿದ ಮೇಲೆ ಈ ಎಂಟೊಂಬತ್ತು ಮಂದಿಯೂ ಸಹಿಸಲಾಗದ ಸಂಖ್ಯೆಯಾದರು. 2000ದಲ್ಲಿ ಹನಿಯನ್ನು ಬಿಟ್ಟು ಚುಚ್ಚುಮದ್ದನ್ನಷ್ಟೇ ಬಳಸತೊಡಗಿದರು. ಲೆಕ್ಕವಿಟ್ಟಿದ್ದರಿಂದ ಲಸಿಕೆ ಸೋಲಲಿಲ್ಲ, ಸುರಕ್ಷಿತವಾಯಿತು.

ರೋಗಿಯ ಗೌಪ್ಯತೆಯ ಪ್ರಶ್ನೆಗೂ ಉತ್ತರವಿದೆ. ಆ ನ್ಯಾಯಾಲಯದಲ್ಲಿ ತೀರ್ಪು ಹೊರಬರುವ ಮುನ್ನ, ಖಾಸಗಿ ವಿವರಗಳನ್ನು ಅಳಿಸುವಂತೆ ಕೋರಲು 14 ದಿನಗಳ ಅವಕಾಶವಿದೆ. ಹೆಸರನ್ನು ಮರೆಮಾಡಿಯೂ ಸತ್ಯವನ್ನು ತೆರೆದಿಡಲು ಸಾಧ್ಯ.

ಭಾರತಕ್ಕೂ ಇದರಲ್ಲಿ ಪಾಠವಿದೆ. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಲಸಿಕಾ ನೀತಿಯನ್ನು ಎತ್ತಿಹಿಡಿಯಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಜೊತೆಗೆ, ದುಷ್ಪರಿಣಾಮಗಳನ್ನು ಜನರೂ ಖಾಸಗಿ ವೈದ್ಯರೂ ವರದಿ ಮಾಡಲು, ಆ ವರದಿಗಳು ಗೌಪ್ಯತೆಗೆ ಧಕ್ಕೆಯಾಗದಂತೆ ಸಾರ್ವಜನಿಕರಿಗೆ ಲಭ್ಯವಾಗಲು ವ್ಯವಸ್ಥೆ ಮಾಡಬೇಕೆಂದು ಆದೇಶಿಸಿತು. ಅದೇ ವರ್ಷದ ನವೆಂಬರಿನಲ್ಲಿ, ಮಕ್ಕಳನ್ನು ಕಳೆದುಕೊಂಡ ಪೋಷಕರ ಅರ್ಜಿಗೆ ಉತ್ತರಿಸಿದ ಕೇಂದ್ರ ಸರ್ಕಾರವು, ಪರಿಹಾರ ಬೇಕಾದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದೆಂದಿತು. ಬಡ ಕುಟುಂಬವೊಂದು ಒಬ್ಬಂಟಿಯಾಗಿ ಆ ಮೆಟ್ಟಿಲು ಹತ್ತಬಲ್ಲದೇ? ನಮ್ಮಲ್ಲಿ ಪರಿಹಾರ ವ್ಯವಸ್ಥೆ ಯಾವ ರೂಪವನ್ನೇ ತಳೆಯಲಿ, ಎಷ್ಟು ಅರ್ಜಿ ಬಂತು, ಎಷ್ಟಕ್ಕೆ ನ್ಯಾಯ ಸಿಕ್ಕಿತು, ಎಷ್ಟನ್ನು ಏಕೆ ತಳ್ಳಲಾಯಿತು ಎಂಬುದು ಮೊದಲ ದಿನದಿಂದಲೇ ತೆರೆದ ಪುಸ್ತಕವಾಗಿರಬೇಕು.

ಇದು ಕೇವಲ ಆಡಳಿತದ ಮಾತಲ್ಲ. 1963ರಲ್ಲಿ ಪೋಪ್ 23ನೇ ಜಾನರು ‘ಪಾಚೆಮ್ ಇನ್ ತೆರ್‍ರಿಸ್’ ಎಂಬ ವಿಶ್ವಪತ್ರದಲ್ಲಿ, ಸಾರ್ವಜನಿಕ ವಿಷಯಗಳ ಬಗ್ಗೆ ಸತ್ಯವಾದ ಮಾಹಿತಿ ಪಡೆಯುವುದನ್ನು ಮಾನವ ಹಕ್ಕುಗಳ ಸಾಲಿನಲ್ಲೇ ಸೇರಿಸಿದರು. ಆ ಹಕ್ಕಿನ ಜೊತೆ ನಮಗೊಂದು ಕರ್ತವ್ಯವೂ ಇದೆ. ನಮ್ಮ ಧರ್ಮಕೇಂದ್ರದಲ್ಲಿ ಯಾರಾದರೂ, ಲಸಿಕೆಯ ನಂತರ ಮಗುವಿಗೆ ಹೀಗಾಯಿತೆಂದು ಕಣ್ಣೀರಿಟ್ಟರೆ, ನಾವು ಎರಡು ತಪ್ಪು ಮಾಡುತ್ತೇವೆ. ಕೆಲವರು ಅವರನ್ನು ಅಜ್ಞಾನಿಗಳೆಂದು ಸುಮ್ಮನಾಗಿಸುತ್ತೇವೆ. ಕೆಲವರು ಅವರ ಕಥೆಯನ್ನು ಊರೆಲ್ಲ ಹಬ್ಬಿಸಿ ಹೆದರಿಸುತ್ತೇವೆ. ಇವೆರಡರ ನಡುವೆ ಒಂದು ದಾರಿಯಿದೆ. ಅವರ ಮಾತನ್ನು ಕೇಳಿ, ವೈದ್ಯರ ಬಳಿ ವರದಿ ದಾಖಲಾಗುವಂತೆ ನೋಡಿಕೊಂಡು, ಅದರ ಫಲಿತಾಂಶ ಏನಾಯಿತೆಂದು ಅವರ ಜೊತೆ ನಿಂತು ಕೇಳುವುದು.

ಸಂಜೆಯ ಹೊತ್ತು ಕುರಿಗಳನ್ನು ಎಣಿಸಿದ ಆ ಕುರಿಗಾಹಿ ಒಂದು ಕಡಿಮೆಯಿದ್ದುದನ್ನು ಮುಚ್ಚಿಡಲಿಲ್ಲ. ಹುಡುಕಲು ಹೊರಟ, ಸಿಕ್ಕಾಗ ನೆರೆಹೊರೆಯವರನ್ನು ಕರೆದು ಹೇಳಿದ. ಅವನ ಹಿಂಬಾಲಕರೆನ್ನುವ ನಾವು ನೊಂದವರ ಲೆಕ್ಕಕ್ಕೆ ಹೆದರುವುದು ಸಲ್ಲದು.