ಜಾಲಂಧ್ರವೂ ಲೋಹಜಾಲವೂ: ಒಂದು ವಿಮರ್ಶೆ

ಕಟ್ಟಡಗಳ ಹೊರಗೋಡೆಗೆ ಹಿಗ್ಗಿಸಿದ ಲೋಹದ ಜಾಲವನ್ನು ಹೊದಿಸುವ ಪದ್ಧತಿಯು ಈಚೆಗೆ ಹಲವು ದೇಶಗಳಲ್ಲಿ ಬಳಕೆಗೆ ಬಂದಿದೆ. ನ್ಯೂಯಾರ್ಕಿನಲ್ಲಿ 2007ರಲ್ಲಿ ತೆರೆದ ನ್ಯೂ ಮ್ಯೂಸಿಯಂ ಕಟ್ಟಡದ ಅಲ್ಯೂಮಿನಿಯಂ ಹೊದಿಕೆ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಇಂಥ ಹೊದಿಕೆಯನ್ನು ನಮ್ಮ ದೇವಾಲಯಗಳ ಜಾಲಂಧ್ರದ ಹೊಸ ಅವತಾರವೆಂದು ಕರೆಯುವುದುಂಟು. ಈ ಹೋಲಿಕೆ ಎಷ್ಟರಮಟ್ಟಿಗೆ ಸಯುಕ್ತಿಕವೆಂಬುದನ್ನು ಧಾರವಾಡ ಜಿಲ್ಲೆಯ ಗ್ರಾಮಭಾಗವನ್ನು ಕಣ್ಣಮುಂದಿಟ್ಟುಕೊಂಡು ವಿಚಾರಿಸುವುದು ನಮ್ಮ ಉದ್ದೇಶ. ನವಲಗುಂದ, ಕುಂದಗೋಳಗಳ ಕಡೆಯಲ್ಲಿ ಶಾಲೆಯನ್ನೋ ಗ್ರಂಥಾಲಯವನ್ನೋ ಕಟ್ಟುವವರು ಬರಿಯ ಹೆಸರಿಗೆ ಮನಸೋತರೆ, ಅದರ ಫಲವನ್ನು ಉಣ್ಣಬೇಕಾದವರು ಬೇಸಗೆಯಲ್ಲಿ ಒಳಗೆ ಕುಳಿತು ಓದುವ ಮಕ್ಕಳು.

ಮೊದಲು ಜಾಲಂಧ್ರವನ್ನು ನೋಡೋಣ. ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದ ವಿರೂಪಾಕ್ಷ ದೇವಾಲಯದ ಗೋಡೆಗಳಲ್ಲಿ ಮರಳುಗಲ್ಲಿನ ಜಾಲಂಧ್ರಗಳಿವೆ. ಚಪ್ಪಡಿಯಲ್ಲಿ ಬೇಡವಾದ ಭಾಗವನ್ನು ಕೊರೆದು ತೆಗೆದು ಇವುಗಳನ್ನು ಮಾಡಿದೆ. ಕಲ್ಲಿಗೆ ದಪ್ಪವಿರುವುದರಿಂದ ಪ್ರತಿಯೊಂದು ರಂಧ್ರಕ್ಕೂ ಆಳವಿದೆ. ಓರೆಯಾಗಿ ಬಿದ್ದ ಬಿಸಿಲು ಆ ಆಳದ ಬದಿಗಳಿಗೆ ತಾಗಿ, ತೀಕ್ಷ್ಣತೆಯನ್ನು ಕಳೆದುಕೊಂಡು, ಮಂದವಾದ ಬೆಳಕಾಗಿ ಒಳಸೇರುತ್ತದೆ. ಆದುದರಿಂದ ಜಾಲಂಧ್ರದ ಗುಣವು ಅದರ ಚಿತ್ತಾರದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅದರ ಆಳದಲ್ಲಿದೆ.

ಲೋಹಜಾಲದ ಹುಟ್ಟೇ ಬೇರೆ. 1880ರ ದಶಕದಲ್ಲಿ ಅಮೆರಿಕದ ಜಾನ್ ಗೋಲ್ಡಿಂಗ್ ಪೇಟೆಂಟು ಪಡೆದ ಈ ಕ್ರಮದಲ್ಲಿ ತಗಡಿಗೆ ಸಾಲುಸಾಲಾಗಿ ಸೀಳು ಹಾಕಿ ಅದನ್ನು ಎಳೆದು ಹಿಗ್ಗಿಸುತ್ತಾರೆ. ಸೀಳುಗಳು ವಜ್ರಾಕೃತಿಯ ಕಣ್ಣುಗಳಾಗಿ ತೆರೆದುಕೊಳ್ಳುತ್ತವೆ. ಕೊರೆದು ಬಿಸಾಡುವುದು ಏನೂ ಇಲ್ಲ, ಬೆಸುಗೆಯೂ ಬೇಕಿಲ್ಲ. ಹಿಗ್ಗುವಾಗ ಎಳೆಗಳು ಓರೆಯಾಗಿ ತಿರುಗಿ ನಿಲ್ಲುವುದರಿಂದ ಅದೇ ಜಾಲವು ಒಂದು ದಿಕ್ಕಿನಿಂದ ತೆರೆದಂತೆಯೂ ಇನ್ನೊಂದು ದಿಕ್ಕಿನಿಂದ ಮುಚ್ಚಿದಂತೆಯೂ ಕಾಣುತ್ತದೆ. ಕಲ್ಲಿನಲ್ಲಿ ಆಳವು ಮಾಡುವ ಕೆಲಸವನ್ನು ಇಲ್ಲಿ ಈ ಓರೆ ಮಾಡಬೇಕು. ಉರುಳೆಗಳ ನಡುವೆ ಒತ್ತಿ ಚಪ್ಪಟೆ ಮಾಡಿದ ಜಾಲದಲ್ಲಿ ಈ ಗುಣವು ಬಹುಮಟ್ಟಿಗೆ ನಷ್ಟವಾಗುತ್ತದೆ.

ಹೊಸ ಸಾಮಗ್ರಿಯು ಕೈಗೆ ಬಂದಾಗ ಶಿಲ್ಪಿಯು ಹೇಗೆ ವರ್ತಿಸಬೇಕೆಂಬುದಕ್ಕೆ ಮಾದರಿಯನ್ನು ದೂರ ಹುಡುಕಬೇಕಾಗಿಲ್ಲ. ಸುಮಾರು 1050ರಲ್ಲಿ ಕಟ್ಟಿದ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವು ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲನ್ನು ಹಿಡಿದ ಮೊದಲ ಚಾಲುಕ್ಯ ದೇವಾಲಯಗಳಲ್ಲಿ ಒಂದು. ಮೃದುವಾದ ಈ ಕಲ್ಲಿನಲ್ಲಿ ಹಳೆಯ ಕೆಲಸವನ್ನೇ ಮತ್ತೆ ಮಾಡಿ ಶಿಲ್ಪಿಗಳು ತೃಪ್ತರಾಗಲಿಲ್ಲ. ಗೋಡೆಯ ಅರೆಗಂಬಗಳ ಮೇಲೆ ಕಿರುಗೋಪುರಗಳು ಮೂಡಿದವು, ಕೆತ್ತನೆ ಸೂಕ್ಷ್ಮವಾಯಿತು. ಅವರು ಪರಂಪರೆಯನ್ನು ಮುಂದುವರಿಸಿದ್ದು ಹೊಸ ಕಲ್ಲಿನ ಸ್ವಭಾವವನ್ನು ಅರಿತು.

ಲೋಹಜಾಲಕ್ಕೂ ಇದೇ ಒರೆಗಲ್ಲನ್ನು ಹಿಡಿಯತಕ್ಕದ್ದು. ನವಲಗುಂದದ ಎರೆಭೂಮಿಯಲ್ಲಿ ಬಿಸಿಲಿನದೂ ಧೂಳಿನದೂ ಬಾಧೆ. ಅಲ್ಲಿ ಜಾಲವನ್ನು ಗೋಡೆಗೆ ಅಂಟಿಸದೆ, ಗಾಳಿಯಾಡುವಷ್ಟು ಅಂತರ ಬಿಟ್ಟು ನಿಲ್ಲಿಸಬೇಕು. ಎಳೆಗಳು ಸೂರಿನಂತೆ ಹೊರಕ್ಕೆ ಇಳಿಯುವ ಹಾಗೆ ತೂಗಬೇಕು. ತಲೆಕೆಳಗಾಗಿ ತೂಗಿದರೆ ಮೇಲಿನ ಬಿಸಿಲಿಗೆ ದಾರಿಯಾಗಿ, ನೆಲದ ನೋಟ ಮರೆಯಾಗುತ್ತದೆ. ಸಂದಿಯನ್ನು ತೊಳೆಯಲು ಮನುಷ್ಯನ ಕೈ ಹೋಗುವಂತಿರಬೇಕು. ಮಲೆನಾಡಿನ ಸೆರಗಾದ ಕಲಘಟಗಿಯಲ್ಲಿ ಮಳೆಯೇ ಮುಖ್ಯ. ಸತುವಿನ ಲೇಪವಿರುವ ಉಕ್ಕಿನ ತಗಡನ್ನು ಆಮೇಲೆ ಸೀಳಿದರೆ ಸೀಳಿದ ಅಂಚುಗಳು ಬರಿದಾಗಿ ತುಕ್ಕು ಅಲ್ಲಿಂದಲೇ ಹಿಡಿಯುತ್ತದೆ. ಹಿಗ್ಗಿಸಿದ ನಂತರ ಲೇಪಿಸುವುದು ಯೋಗ್ಯ.

ಹೀಗಿರಲು, ಲೋಹಜಾಲವನ್ನು ನಾವು ತಿರಸ್ಕರಿಸುವುದಿಲ್ಲ. ಜಾಲಂಧ್ರವೆಂಬ ಬಿರುದನ್ನು ಅದಕ್ಕೆ ಸುಮ್ಮನೆ ಕೊಡಲೂ ಒಪ್ಪುವುದಿಲ್ಲ. ಕಿಟಕಿಯೇ ಇಲ್ಲದ ಗೋಡೆಯ ಮೇಲೆ ಬಿಗಿದು ಬಡಿದ ಜಾಲವು ಬರಿಯ ಅಲಂಕಾರ. ನೆರಳನ್ನೂ ಗಾಳಿಯನ್ನೂ ಕೊಟ್ಟ ಜಾಲಕ್ಕೆ ಪಟ್ಟದಕಲ್ಲಿನ ಆಕಾರದ ಅನುಕರಣೆ ಬೇಕಾಗಿಲ್ಲ. ವಾಸ್ತುವಿನ ವಿದ್ಯಾರ್ಥಿಗಳು ಕಟ್ಟಡದ ಚಿತ್ರವನ್ನು ನೋಡಿ ನಿರ್ಣಯಿಸದೆ, ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಅದರ ಒಳಗೆ ನಿಂತು ನಿರ್ಣಯಿಸಬೇಕೆಂಬುದೇ ನಮ್ಮ ಅಭಿಪ್ರಾಯ.